ಎಣಿಸಿ ತೆರೆದ ಬಾಗಿಲುಗಳು: ಭೂತಾನಿನ ವಿದೇಶಾಂಗ ನೀತಿ ಬೆಳೆದ ಬಗೆ

2020ರ ಜೂನ್‌ನಲ್ಲಿ ಜಾಗತಿಕ ಪರಿಸರ ನಿಧಿಯ ಸಭೆಯಲ್ಲಿ ಭೂತಾನಿನ ಪೂರ್ವದಂಚಿನ ಸಕ್ತೆಂಗ್ ಅಭಯಾರಣ್ಯಕ್ಕೆ ನೆರವು ಕೊಡುವ ಮಾತು ಬಂದಾಗ ಚೀನಾ ಅಡ್ಡ ಬಂತು. ಆ ನೆಲವೇ ವಿವಾದಿತ ಎಂದಿತು. ಥಿಂಪುವಿನಲ್ಲಿ ಪ್ರತಿಭಟನಾ ಪತ್ರ ಸಿದ್ಧವಾಯಿತು. ಆದರೆ ಬೀಜಿಂಗ್‌ನಲ್ಲಿ ಭೂತಾನಿಗೆ ಕಚೇರಿಯಿಲ್ಲ, ಥಿಂಪುವಿನಲ್ಲಿ ಚೀನಾಕ್ಕಿಲ್ಲ. ಕೊನೆಗೆ ಪತ್ರ ದೆಹಲಿಯಲ್ಲಿ ಕೈ ಬದಲಾಯಿಸಿತು. ಎರಡೂ ದೇಶಗಳ ರಾಯಭಾರ ಕಚೇರಿಗಳಿರುವುದು ಅದೇ ಚಾಣಕ್ಯಪುರಿಯಲ್ಲಿ.

ಎಂಟು ಲಕ್ಷದಷ್ಟೂ ಜನರಿಲ್ಲದ ದೇಶವೊಂದು ನೂರಾರು ಕಿಲೋಮೀಟರ್ ಗಡಿ ಹಂಚಿಕೊಂಡ ನೆರೆಯವನೊಂದಿಗೆ ಮೂರನೆಯವರ ರಾಜಧಾನಿಯಲ್ಲಿ ಮಾತಾಡುತ್ತದೆ ಎಂದರೆ ಅಸಹಾಯಕತೆ ಎನಿಸಬಹುದು. ನನಗೆ ಹಾಗನಿಸುವುದಿಲ್ಲ. ಯಾರ ಜೊತೆ ಸಂಬಂಧ ಬೇಕು ಎಂದು ನಿರ್ಧರಿಸಿದಷ್ಟೇ ಎಚ್ಚರದಿಂದ, ಯಾರ ಜೊತೆ ಈಗಲೇ ಬೇಡ ಎಂಬುದನ್ನೂ ಭೂತಾನ್ ನಿರ್ಧರಿಸುತ್ತ ಬಂದಿದೆ. ಅದರ ವಿದೇಶಾಂಗ ಸಚಿವಾಲಯದ ಚರಿತ್ರೆಯನ್ನು ಈ ಎಳೆ ಹಿಡಿದೇ ಓದಬೇಕು.

ಸಚಿವಾಲಯ ಹುಟ್ಟುವ ಮುನ್ನ ಭೂತಾನಿನ ಹೊರಗಿನ ವ್ಯವಹಾರವೆಲ್ಲ ಕಾಲಿಂಪಾಂಗ್‌ನ ಭೂತಾನ್ ಹೌಸ್‌ನಿಂದ, ದೋರ್ಜಿ ಮನೆತನದವರ ಮೂಲಕ ನಡೆಯುತ್ತಿತ್ತು. 1949ರ ಆಗಸ್ಟ್ 8ರಂದು ಡಾರ್ಜಿಲಿಂಗ್‌ನಲ್ಲಿ ಭಾರತದೊಂದಿಗೆ ಸ್ನೇಹ ಒಪ್ಪಂದವಾಯಿತು. ಭೂತಾನಿನ ಆಂತರಿಕ ಆಡಳಿತದಲ್ಲಿ ಭಾರತ ಕೈಹಾಕುವುದಿಲ್ಲ, ವಿದೇಶ ವ್ಯವಹಾರದಲ್ಲಿ ಭೂತಾನ್ ಭಾರತದ ಸಲಹೆಯಂತೆ ನಡೆಯುತ್ತದೆ ಎಂದಿತು ಅದರ ಎರಡನೆಯ ವಿಧಿ. ಮುಂದಿನ 58 ವರ್ಷ ಭೂತಾನಿನ ರಾಜತಾಂತ್ರಿಕರು ಈ ಒಂದು ವಿಧಿಯೊಂದಿಗೇ ಬಾಳಬೇಕಾಯಿತು. 1958ರಲ್ಲಿ ನೆಹರೂ ಪಾರೋಗೆ ಹೋದಾಗ ಭಾರತದಿಂದ ನೇರ ರಸ್ತೆಯೇ ಇರಲಿಲ್ಲ. ಚೀನಾದ ಹಿಡಿತದಲ್ಲಿದ್ದ ಚುಂಬಿ ಕಣಿವೆಯನ್ನು ಹಾದು ಹೋದರು. ಭೂತಾನ್ ಸ್ವತಂತ್ರವಾಗಿಯೇ ಉಳಿಯಬೇಕೆಂಬುದು ಭಾರತದ ಇಚ್ಛೆ ಎಂದು ಅವರು ಅಲ್ಲಿ ಬಹಿರಂಗವಾಗಿ ಹೇಳಿದರು. ಆ ಮಾತನ್ನು ಭೂತಾನ್ ಮರೆಯಲಿಲ್ಲ.

ಮೂರನೆಯ ದೊರೆ ಜಿಗ್ಮೆ ದೋರ್ಜಿ ವಾಂಗ್ಚುಕ್ ಆರಿಸಿಕೊಂಡ ಮೆಟ್ಟಿಲುಗಳ ಕ್ರಮವೇ ಸೊಗಸು. 1962ರಲ್ಲಿ ಕೊಲಂಬೊ ಯೋಜನೆ, 1969ರಲ್ಲಿ ವಿಶ್ವ ಅಂಚೆ ಒಕ್ಕೂಟ, 1971ರ ಸೆಪ್ಟೆಂಬರ್ 21ರಂದು ವಿಶ್ವಸಂಸ್ಥೆ. ನೆರವು, ಅಂಚೆ ಎಂದರೆ ಯಾರಿಗೂ ತಕರಾರಿರುವುದಿಲ್ಲ. ಆದರೆ ತನ್ನದೇ ಅಂಚೆಚೀಟಿಯಿರುವ, ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ತನ್ನದೇ ಕುರ್ಚಿಯಿರುವ ದೇಶವನ್ನು ದೇಶವಲ್ಲ ಎನ್ನುವುದು ಕಷ್ಟ. ವಿಶ್ವಸಂಸ್ಥೆಯ ಸದಸ್ಯತ್ವಕ್ಕೆ ಭಾರತವೂ ಬೆಂಬಲವಾಗಿ ನಿಂತಿತು. 1970ರಲ್ಲಿ ಇಲಾಖೆಯಾಗಿ ಶುರುವಾದದ್ದು 1972ರಲ್ಲಿ ವಿದೇಶಾಂಗ ಸಚಿವಾಲಯವಾಯಿತು. ಮೊದಲ ಸಚಿವ ದಾವಾ ತ್ಸೆರಿಂಗ್ 1998ರವರೆಗೆ, 26 ವರ್ಷ, ಅದೇ ಹುದ್ದೆಯಲ್ಲಿದ್ದರು. ಕೈಬೆರಳೆಣಿಕೆಯ ಅಧಿಕಾರಿಗಳಿದ್ದ ಕಚೇರಿಗೆ ಇಂಥ ನಿರಂತರತೆ ದೊಡ್ಡ ಬಂಡವಾಳವಾಗಿತ್ತು.

ದೆಹಲಿಯಲ್ಲಿ 1971ರಲ್ಲಿ ತೆರೆದ ಭೂತಾನ್ ಮಿಷನ್ 1978ರಲ್ಲಿ ಪೂರ್ಣ ರಾಯಭಾರ ಕಚೇರಿಯಾಯಿತು. ಭೂತಾನಿನ ಪಾಲಿಗೆ ದೆಹಲಿ ಬರೀ ಭಾರತದ ರಾಜಧಾನಿಯಲ್ಲ. ಅಲ್ಲಿರುವ ಎಷ್ಟೋ ದೇಶಗಳ ರಾಯಭಾರಿಗಳೇ ಥಿಂಪುವಿನ ಹೊಣೆಯನ್ನೂ ಹೊತ್ತಿರುತ್ತಾರೆ. ರಾಯಭಾರ ಸಂಬಂಧವಿಲ್ಲದ ಅಮೆರಿಕದೊಂದಿಗಿನ ವ್ಯವಹಾರವೂ ಇಲ್ಲಿಂದಲೇ ನಡೆಯುತ್ತದೆ. ಒಂದು ಕಚೇರಿಯ ಖರ್ಚಿನಲ್ಲಿ ಹತ್ತಾರು ದೇಶಗಳನ್ನು ತಲುಪುವ ಈ ಏರ್ಪಾಡನ್ನು ಬಡತನದ ಲೆಕ್ಕಾಚಾರ ಎಂದಷ್ಟೇ ನೋಡಿದರೆ ಅದರ ಜಾಣತನ ಕಾಣುವುದಿಲ್ಲ.

ಹಾಗೆಂದು ಭೂತಾನ್ ಭಾರತದ ನೆರಳಾಗಿ ನಡೆಯಲಿಲ್ಲ. ಕಾಂಬೋಡಿಯಾದ ಪ್ರಾತಿನಿಧ್ಯದ ಪ್ರಶ್ನೆಯಲ್ಲಿ 1979ರ ಹವಾನಾ ಅಲಿಪ್ತ ಶೃಂಗಸಭೆಯಲ್ಲಿ ಬೇರೆಯೇ ನಿಲುವು ತಳೆಯಿತು. ಭಾರತ ಒಪ್ಪದ ಪರಮಾಣು ಪ್ರಸರಣ ತಡೆ ಒಪ್ಪಂದವನ್ನು 1985ರಲ್ಲಿ ಒಪ್ಪಿತು. ಅದಕ್ಕೆ ಒಂದು ವರ್ಷ ಮೊದಲು, 1984ರಲ್ಲಿ, ಚೀನಾದೊಂದಿಗೆ ನೇರ ಗಡಿ ಮಾತುಕತೆ ಶುರುಮಾಡಿತ್ತು. ನನ್ನ ದೃಷ್ಟಿಯಲ್ಲಿ ಈ ಸಚಿವಾಲಯದ ಅತಿ ಕಠಿಣ ಪಾಠಶಾಲೆ ಇದೇ. 1996ರಲ್ಲಿ ಚೀನಾ ಒಂದು ವಿನಿಮಯ ಮುಂದಿಟ್ಟಿತು: ಉತ್ತರದ ಕಣಿವೆಗಳ 495 ಚದರ ಕಿಲೋಮೀಟರ್ ನಿಮಗೆ, ಡೋಕ್ಲಾಮ್ ಸೇರಿದಂತೆ ಪಶ್ಚಿಮದ 269 ಚದರ ಕಿಲೋಮೀಟರ್ ನಮಗೆ. ವಿಸ್ತೀರ್ಣ ನೋಡಿದರೆ ಭೂತಾನಿಗೆ ಲಾಭ. ಆದರೆ ಆ ಪಶ್ಚಿಮದ ತುಂಡಿನಿಂದ ಕೆಳಗಿಳಿದರೆ ಭಾರತದ ಈಶಾನ್ಯವನ್ನು ಹಿಡಿದಿಟ್ಟಿರುವ ಸಿಲಿಗುರಿಯ ಕಿರಿದಾದ ಪಟ್ಟಿ. ಭೂತಾನ್ ಹೂಂ ಎನ್ನಲಿಲ್ಲ, ಮಾತುಕತೆಯನ್ನು ಮುರಿಯಲೂ ಇಲ್ಲ. 1998ರಲ್ಲಿ, ಗಡಿ ತೀರ್ಮಾನವಾಗುವವರೆಗೆ ಯಥಾಸ್ಥಿತಿ ಕಾಯುವ ಒಪ್ಪಂದ ಮಾಡಿಕೊಂಡಿತು.

ಅದು ಕೈಹಿಡಿದದ್ದು 2017ರಲ್ಲಿ. ಡೋಕ್ಲಾಮ್‌ನಲ್ಲಿ ಎರಡು ದೊಡ್ಡ ಸೇನೆಗಳು ಎರಡು ತಿಂಗಳಿಗೂ ಮೇಲ್ಪಟ್ಟು ಎದುರುಬದುರು ನಿಂತಾಗ, ಜೂನ್ 29ರಂದು ಥಿಂಪು ಒಂದು ಚಿಕ್ಕ ಪ್ರಕಟಣೆ ಹೊರಡಿಸಿತು: ತನ್ನ ನೆಲದಲ್ಲಿ ನಡೆಯುತ್ತಿರುವ ರಸ್ತೆ ಕೆಲಸ 1988 ಮತ್ತು 1998ರ ಒಪ್ಪಂದಗಳ ಉಲ್ಲಂಘನೆ, ಯಥಾಸ್ಥಿತಿಗೆ ಮರಳಬೇಕು. ನಮ್ಮ ಪತ್ರಿಕೆ, ಟಿವಿಗಳಲ್ಲಿ ಅದು ಭಾರತ–ಚೀನಾ ಜಗಳವಾಗಿಯೇ ಓಡಿತು. ನೆಲ ಯಾರದೆಂಬುದು ಎಲ್ಲೋ ಕೊನೆಯ ಸಾಲಿನಲ್ಲಿತ್ತು. ಭೂತಾನಿಗೆ ಅದರಿಂದ ಬೇಸರವಾಗಿರಬಹುದು. ಆದರೂ ಅದು ದನಿ ಏರಿಸಲಿಲ್ಲ.

ಅಷ್ಟರಲ್ಲಿ 1949ರ ವಿಧಿಯೂ ಬದಲಾಗಿತ್ತು. 2007ರ ಹೊಸ ಒಪ್ಪಂದದಲ್ಲಿ ‘ಸಲಹೆಯಂತೆ ನಡೆಯುವುದು’ ಹೋಗಿ, ರಾಷ್ಟ್ರಹಿತದ ವಿಷಯಗಳಲ್ಲಿ ಪರಸ್ಪರ ಸಹಕಾರ ಬಂತು. ಮರುವರ್ಷ ಚುನಾಯಿತ ಸರ್ಕಾರ ಬಂತು. ಪ್ರಧಾನಿ ಜಿಗ್ಮೆ ಥಿನ್ಲೆ ಅವಧಿಯಲ್ಲಿ ರಾಯಭಾರ ಸಂಬಂಧವಿರುವ ದೇಶಗಳ ಸಂಖ್ಯೆ 53ಕ್ಕೇರಿತು. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ಒಬ್ಬರೂ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಈ ಓಟ ಅಳತೆ ಮೀರಿತ್ತು. 2012ರಲ್ಲಿ ಭದ್ರತಾ ಮಂಡಳಿಯ ತಾತ್ಕಾಲಿಕ ಸ್ಥಾನಕ್ಕೆ ಸ್ಪರ್ಧಿಸಿ ಗಳಿಸಿದ್ದು 20 ಮತ. ಅದೇ ವರ್ಷ ಥಿನ್ಲೆ ಚೀನಾದ ಪ್ರಧಾನಿಯನ್ನು ರಿಯೊದಲ್ಲಿ ಭೇಟಿಯಾದದ್ದು ದೆಹಲಿಗೆ ಹಿಡಿಸಲಿಲ್ಲ. 2013ರ ಚುನಾವಣೆಯ ಹೊಸ್ತಿಲಲ್ಲೇ ಅಡುಗೆ ಅನಿಲ, ಸೀಮೆಎಣ್ಣೆಗೆ ಭಾರತದ ಸಬ್ಸಿಡಿ ನಿಂತಿತು. ಥಿನ್ಲೆ ಪಕ್ಷ ಸೋತಿತು. ಭೂತಾನಿನ ಮನೆಮನೆಯ ಒಲೆಗೂ ವಿದೇಶಾಂಗ ನೀತಿಗೂ ಇರುವ ನಂಟು ಆಗ ಎಲ್ಲರಿಗೂ ತಿಳಿಯಿತು.

2021ರಲ್ಲಿ ಚೀನಾದೊಂದಿಗೆ ಮೂರು ಹಂತದ ಗಡಿ ಮಾರ್ಗಸೂಚಿಗೆ ಸಹಿಯಾಯಿತು. 2023ರ ಅಕ್ಟೋಬರ್‌ನಲ್ಲಿ ವಿದೇಶಾಂಗ ಸಚಿವ ತಾಂಡಿ ದೋರ್ಜಿ ಬೀಜಿಂಗ್‌ಗೇ ಹೋಗಿ ಬಂದರು. ಸಚಿವಾಲಯದ ಹೆಸರಿಗೆ ಈಗ ‘ವಿದೇಶ ವ್ಯಾಪಾರ’ವೂ ಸೇರಿದೆ.

ಇಷ್ಟು ನಾಜೂಕಿನ ಸಚಿವಾಲಯ ಒಂದು ಕಡೆ ಕಲ್ಲಾಗಿ ಕೂತಿತು. ತೊಂಬತ್ತರ ದಶಕದಲ್ಲಿ ದಕ್ಷಿಣ ಭೂತಾನ್ ಬಿಟ್ಟು ನೇಪಾಳದ ಶಿಬಿರಗಳನ್ನು ಸೇರಿದ ನೇಪಾಳಿ ಭಾಷಿಕ ಲ್ಹೋತ್ಸಾಂಪರ ವಿಷಯ ಅದು. 1993ರಿಂದ 2003ರವರೆಗೆ ನೇಪಾಳದೊಂದಿಗೆ ಸಚಿವರ ಮಟ್ಟದಲ್ಲಿ 15 ಸುತ್ತು ಮಾತಾಯಿತು, ಆದರೆ ಮಾತುಕತೆಯಿಂದ ಒಂದು ಕುಟುಂಬವೂ ಊರಿಗೆ ಮರಳಲಿಲ್ಲ. ಗಡಿಯಲ್ಲಿ ನೆಲ ಉಳಿಸಿದ ಅದೇ ಕಾಲಹರಣದ ಕಲೆ ಇಲ್ಲಿ ಜನರ ಬಾಳನ್ನು ತಿಂದಿತು. ಇದನ್ನು ಬಿಟ್ಟು ಭೂತಾನಿನ ರಾಜನೀತಿಯನ್ನು ಹೊಗಳುವುದು ನನ್ನಿಂದಾಗದು. ಆಮೇಲೆ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮೊದಲಾದೆಡೆ ನೆಲೆಯಾದರು.

2021ರಲ್ಲಿ ಭೂತಾನ್ ಕ್ಯಾನ್‌ಬೆರಾದಲ್ಲಿ ರಾಯಭಾರ ಕಚೇರಿ ತೆರೆಯಿತು. ಓದಿಗೆ, ಕೆಲಸಕ್ಕೆ ಎಂದು ಪರ್ತ್‌ಗೆ ಹೋದ ಸಾವಿರಾರು ಭೂತಾನಿ ಯುವಜನರ ಕಾಗದಪತ್ರ, ಕಷ್ಟಸುಖಗಳ ಹೊಣೆ ಈಗ ಅದರದು. ಅದೇ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಶಿಬಿರಗಳಿಂದ ಬಂದ ಲ್ಹೋತ್ಸಾಂಪರ ದೊಡ್ಡ ಸಮುದಾಯವೊಂದಿದೆ. ಆ ಕಚೇರಿಯ ಪಟ್ಟಿಯಲ್ಲಿ ಅವರಿಲ್ಲ.