ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಅಕ್ಕಾದೇವಿ



ಅರಸುಮನೆತನದ ವೀರಸ್ತ್ರೀಯರ ಮಾತು ಬಂದರೆ ಈ ಭಾಗದಲ್ಲಿ ಮೊದಲು ನೆನಪಾಗುವವಳು ಕಿತ್ತೂರ ಚೆನ್ನಮ್ಮ. ಆಮೇಲೆ ಕೆಳದಿಯ ಚೆನ್ನಮ್ಮಾಜಿ. ಅದು ಯೋಗ್ಯವೇ. ಆದರೆ ಇವರಿಬ್ಬರೂ ಪತಿವಿಯೋಗದ ನಂತರ, ರಾಜ್ಯಕ್ಕೆ ಆಪತ್ತು ಬಂದಾಗ ಖಡ್ಗ ಹಿಡಿದವರು. ಅದರಿಂದಾಗಿ "ಗಂಡಸಿಲ್ಲದ್ದಕ್ಕೆ ಹೆಂಗಸು ಆಳಿದಳು" ಎಂದು ಆಡಿಬಿಡುವ ರೂಢಿ ನಮ್ಮಲ್ಲಿ ಬೆಳೆದಿದೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಕಲ್ಲಿನಲ್ಲಿ ಕೆತ್ತಿ ಇಟ್ಟಿದೆ.

ಅಕ್ಕಾದೇವಿ ಎಂಬ ರಾಜಪುತ್ರಿಯ ಸಂಗತಿ ಇದು. ಉಡುತಡಿಯ ಮಹಾದೇವಿಯಕ್ಕನಲ್ಲ, ಆ ತಾಯಿಗಿಂತ ಒಂದು ಶತಮಾನ ಹಿಂದಿನವಳು. ಕಲ್ಯಾಣ ಚಾಲುಕ್ಯರ ಜಯಸಿಂಹನ ಒಡಹುಟ್ಟಿದವಳು, ಹಾನಗಲ್ಲ ಕದಂಬರ ಮನೆಗೆ ಕೊಟ್ಟ ಹೆಣ್ಣು. ಪಟ್ಟದಕಲ್ಲಿಗೆ ಹಿಂದೆ ಕಿಸುವೊಳಲು ಎಂಬ ಹೆಸರಿತ್ತು. ಅದರ ಸುತ್ತಿನ ನಾಡೇ ಕಿಸುಕಾಡು ಎಪ್ಪತ್ತು. 1022ರ ಹೊತ್ತಿಗೆ ಆ ನಾಡನ್ನು ಆಳುತ್ತಿದ್ದವಳು ಅಕ್ಕಾದೇವಿ. ಸಿಂಹಾಸನವೇನು ಬರಿದಾಗಿರಲಿಲ್ಲ, ಜಯಸಿಂಹನೇ ಚಕ್ರವರ್ತಿಯಾಗಿದ್ದ. ಕೊಟ್ಟ ಹೆಣ್ಣು ತವರಿಗೆ ಹೊರಗಿನವಳು ಎನ್ನುವವರು ಇದನ್ನು ಕೊಂಚ ವಿಚಾರ ಮಾಡಬೇಕು.

ಶಾಸನಗಳು ಅವಳನ್ನು 'ಗುಣದ ಬೆಡಂಗಿ' ಎಂದು ಕರೆದಿವೆ. ಬೆಡಂಗೆಂದರೆ ಸೊಬಗು. ರಾಣಿಯರ ರೂಪವನ್ನು ಹೊಗಳುವುದು ಕವಿಗಳ ಅಭ್ಯಾಸ. ಇಲ್ಲಿ ಸೊಬಗು ಗುಣಕ್ಕೆ ಸಂದಿದೆ. 'ಏಕವಾಕ್ಯೆ' ಎಂಬುದು ಇನ್ನೊಂದು ಬಿರುದು, ಆಡಿದ ಮಾತಿಗೆ ಎರಡಿಲ್ಲದವಳು ಎಂದರ್ಥ. ರಣದಲ್ಲಿ ಅವಳನ್ನು ಸಾಕ್ಷಾತ್ ಭೈರವಿಗೇ ಹೋಲಿಸಿದ್ದಾರೆ. ಇದು ಬರಿಯ ಹೊಗಳಿಕೆಯಲ್ಲ. 1047ರಲ್ಲಿ ಅವಳು ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ್ದಳು. ಗೋಕಾಗೆಯೆಂದರೆ ಬೇರೆಲ್ಲಿಯದೋ ಅಲ್ಲ, ಈ ಹಿಪ್ಪರಗಿಯ ಭಕ್ತರು ಜಲಪಾತ ನೋಡಲು ಹೋಗಿಬರುವ ಗೋಕಾಕ!

ಆ ಪಾಳೆಯದಲ್ಲಿದ್ದಾಗಲೇ ಅವಳು ವಿಕ್ರಮಪುರದ ಜಿನಾಲಯಕ್ಕೆ ದಾನ ಕೊಟ್ಟಳು. ಹುನಗುಂದ ಸೀಮೆಯ ಅರಸಿಬೀದಿಯೇ ಆ ವಿಕ್ರಮಪುರ. ಜಿನಾಲಯಕ್ಕೆ ಅವಳ ಬಿರುದೇ ಹೆಸರಾಗಿತ್ತು. ಇತ್ತ ಗದಗ ಜಿಲ್ಲೆಯ ಸೂಡಿಯಲ್ಲಿ ಅವಳ ಹೆಸರಿನ ಅಕ್ಕೇಶ್ವರ ಶಿವಾಲಯವಿತ್ತು. ಶಿವನ ಮನೆಯನ್ನೂ ಜಿನನ ಮನೆಯನ್ನೂ ಒಂದೇ ಕೈ ಪೋಷಿಸಿತು. ಧರ್ಮಕ್ಕೆ ಧರ್ಮ ಕಾದಿದ ಕಥೆಗಳನ್ನಷ್ಟೇ ಹೇಳುವವರಿಗೆ ಈ ಕೈ ಏಕೆ ಕಾಣುವುದಿಲ್ಲವೋ ನಾವರಿಯೆವು.

ಗೋಕಾಕದ ಮುತ್ತಿಗೆಯ ವೇಳೆಗೆ ಜಯಸಿಂಹನ ಕಾಲ ಮುಗಿದು ಅವನ ಮಗ ಸೋಮೇಶ್ವರ ಪಟ್ಟಕ್ಕೆ ಬಂದಿದ್ದ. ಹೊಸ ಅರಸ ಸೋದರತ್ತೆಯನ್ನು ಮೂಲೆಗೆ ಕೂಡಿಸಲಿಲ್ಲ. 1050ರಲ್ಲಿ ಕಿಸುಕಾಡಿನ ಜೊತೆಗೆ ತೊರಗರೆ ಅರವತ್ತು, ಮಾಸವಾಡಿ ನೂರನಾಲ್ವತ್ತು ಕೂಡ ಅವಳ ಆಳ್ವಿಕೆಯಲ್ಲಿದ್ದವು.