ಮಾತಾಡಿದವರ ಪಟ್ಟಿ

ಐದನೇ ತರಗತಿಯಲ್ಲಿ ನಾನು ಕ್ಲಾಸ್ ಲೀಡರ್ ಆಗಿದ್ದೆ. ಚುನಾವಣೆ ಗಿನಾವಣೆ ಏನೂ ನಡೆದಿರಲಿಲ್ಲ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರು, ಅಷ್ಟೆ. ಕೆಲಸವೂ ಒಂದೇ. ಮೇಷ್ಟ್ರು ಆಫೀಸು ರೂಮಿಗೆ ಹೋದಾಗ ಬೋರ್ಡಿನ ಎಡಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು, ಕೆಳಗೊಂದು ಗೆರೆ ಎಳೆದು, ಬಾಯಿ ಬಿಟ್ಟವರ ಹೆಸರನ್ನು ಒಂದರ ಕೆಳಗೊಂದು ಬರೆಯುವುದು. ಎರಡನೇ ಸಲ ಮಾತಾಡಿದರೆ ಹೆಸರಿನ ಮುಂದೆ ಇಂಟು ಗುರುತು. ಒಂದು ದಿನ ಮುಂದಿನ ಸಾಲಿನ ಹುಡುಗಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಬರೆದೆ. ಮತ್ತೆ ಹೇಳಿದಳು. ಇಂಟು ಹಾಕಿದೆ. ಮೇಷ್ಟ್ರು ಬಂದ ಮೇಲೆ ಅವಳ ಅಂಗೈಗೆ ಎರಡು ಏಟು ಬಿತ್ತು. ಅವಳು ಹೊಟ್ಟೆನೋವು ಎನ್ನುತ್ತಿದ್ದಳೆಂದು ನನಗೆ ಗೊತ್ತಾದದ್ದು ಮಧ್ಯಾಹ್ನ, ಊಟದ ಸಾಲಿನಲ್ಲಿ ಅವಳು ವಾಂತಿ ಮಾಡಿಕೊಂಡ ಮೇಲೆ. ಬೋರ್ಡಿನ ಮೇಲೆ ಅವಳ ಹೆಸರಿತ್ತು. ಅವಳು ಏನೆಂದಳು ಎಂಬುದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಈಗ ನಮ್ಮ ಶಾಲೆಗಳಲ್ಲಿ ವರ್ಷದ ಆರಂಭಕ್ಕೆ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಕೆಲವು ಕಡೆ ಮೊಬೈಲನ್ನೇ ಮತಯಂತ್ರ ಮಾಡಿಕೊಂಡು ಮತದಾನ, ಆಮೇಲೆ ಪ್ರಮಾಣವಚನ. ಇದೆಲ್ಲ ಮಕ್ಕಳಿಗೆ ದನಿ ಕೊಡುವ ಕೆಲಸ ಎಂದು ನಾವು ಹೇಳಿಕೊಳ್ಳುತ್ತೇವೆ. ಸಂಶೋಧನೆಗೆಂದು ಹಳೆಯ ಶಾಲಾ ವರದಿಗಳನ್ನು ಓದುತ್ತ ಹೋದಾಗ ನನಗೆ ಕಂಡದ್ದು ಬೇರೆ. ತರಗತಿಯ ನಾಯಕ ಎಂಬ ಹುದ್ದೆ ಹುಟ್ಟಿದ್ದು ಮಕ್ಕಳ ಪರವಾಗಿ ಮಾತಾಡಲು ಅಲ್ಲ, ಮೇಷ್ಟ್ರ ಬದಲಿಗೆ ನಿಲ್ಲಲು. ಅದು ಹುಟ್ಟಿದ ಊರೂ ದೂರದ್ದಲ್ಲ, ಮದರಾಸು.

1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮದ ಮೇಲ್ವಿಚಾರಕನಾದ. ಅಲ್ಲಿದ್ದವರಲ್ಲಿ ಹೆಚ್ಚಿನವರು ಯುರೋಪಿಯನ್ ಸಿಪಾಯಿಗಳಿಗೆ ಭಾರತೀಯ ಹೆಂಗಸರಲ್ಲಿ ಹುಟ್ಟಿದ ಹುಡುಗರು. ಒಂದು ದಿನ ಬೆಲ್ ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ನೋಡಿದ. ತನ್ನ ಶಾಲೆಯಲ್ಲೂ ಹಾಗೆ ಕಲಿಸಿ ಎಂದರೆ ಅಲ್ಲಿನ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಅವನು ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು ಚಿಕ್ಕವರಿಗೆ ಅಕ್ಷರ ಕಲಿಸಲು ಕೂರಿಸಿದ. ಹುಡುಗ ಕಲಿಸಿದ. ಅಲ್ಲಿಂದ ಇಡೀ ಶಾಲೆಯೇ ಹುಡುಗರ ಕೈಯಲ್ಲಿ ನಡೆಯತೊಡಗಿತು. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಈ ಪ್ರಯೋಗದ ಬಗ್ಗೆ ಪುಸ್ತಕ ಅಚ್ಚುಹಾಕಿಸಿದ. ಇಂಗ್ಲೆಂಡಿನಲ್ಲಿ ಅದಕ್ಕೆ ‘ಮದ್ರಾಸ್ ಪದ್ಧತಿ’ ಎಂದೇ ಹೆಸರು ಬಿತ್ತು.

ಮರಳಿನ ಮೇಲೆ ಬರೆಸಿದ ಆ ಊರಿನ ಐಗಳ ಹೆಸರು ಎಲ್ಲೂ ಇಲ್ಲ. ಆದರೆ ಅಂಥ ಶಾಲೆ ಹೇಗಿರುತ್ತಿತ್ತು ಎನ್ನುವುದಕ್ಕೆ ನಮ್ಮ ಬಳ್ಳಾರಿಯ ಸಾಕ್ಷ್ಯವಿದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ಪ್ರಾಂತ್ಯದ ಶಾಲೆಗಳ ಲೆಕ್ಕ ಕೇಳಿದಾಗ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮರುವರ್ಷ ಉದ್ದನೆಯ ಉತ್ತರ ಬರೆದ. ಜಿಲ್ಲೆಯಲ್ಲಿ 533 ಶಾಲೆಗಳು, ಅದರಲ್ಲಿ 235 ಕನ್ನಡದವು. ಆಗ ಅನಂತಪುರದ ಸೀಮೆಯೂ ಇದೇ ಜಿಲ್ಲೆಗೆ ಸೇರಿದ್ದರಿಂದ ತೆಲುಗಿನವೂ ಹೆಚ್ಚುಕಡಿಮೆ ಅಷ್ಟೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏರುತ್ತ ಹೋಗುವ ಲೆಕ್ಕ. ಕೆಳಗಿನ ತರಗತಿಗಳನ್ನು ಮುಂದಿನ ಹುಡುಗರು ನೋಡಿಕೊಳ್ಳುತ್ತಿದ್ದರು. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತ ತಮ್ಮ ಪಾಠವನ್ನೂ ಗಟ್ಟಿ ಮಾಡಿಕೊಳ್ಳುವ ಈ ಕ್ರಮ ಮೆಚ್ಚತಕ್ಕದ್ದು, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದು ಕ್ಯಾಂಪ್‌ಬೆಲ್ ಒಪ್ಪಿಕೊಂಡಿದ್ದಾನೆ. ಗಾಂಧಿವಾದಿ ಇತಿಹಾಸಕಾರ ಧರಂಪಾಲ್ 1983ರಲ್ಲಿ ಈ ದಾಖಲೆಗಳನ್ನು ಒಟ್ಟಿಗೆ ಪ್ರಕಟಿಸಿದ ಮೇಲೆ ಈ ಮಾತನ್ನು ಹೆಮ್ಮೆಯಿಂದ ಉದ್ಧರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಹೆಮ್ಮೆಪಡಲಿ, ಬೇಡವೆನ್ನುವುದಿಲ್ಲ. ಅಂಗೈ ಮೇಲಿನ ಏಟಿನ ಲೆಕ್ಕವನ್ನೂ ಜೊತೆಗೇ ಓದಿಕೊಂಡರೆ ಒಳ್ಳೆಯದು.

ಕೂಲಿಮಠದ ಹಿರಿಯ ಹುಡುಗನಿಗೂ ಇಂಗ್ಲೆಂಡಿನ ಮಾನಿಟರನಿಗೂ ಒಂದು ವ್ಯತ್ಯಾಸ ಮಾತ್ರ ಇತ್ತು. ಅದು ಸಂಖ್ಯೆ. ಜೋಸೆಫ್ ಲಂಕಾಸ್ಟರ್ 1798ರಲ್ಲಿ ಲಂಡನ್ನಿನ ಬರೋ ರೋಡಿನಲ್ಲಿ ಬಡಮಕ್ಕಳಿಗೆ ಶಾಲೆ ತೆರೆದ. ಒಬ್ಬನೇ ಮೇಷ್ಟ್ರು, ನೂರಾರು ಮಕ್ಕಳು. ಇದು ಮೊದಲು ಯಾರಿಗೆ ಹೊಳೆದದ್ದು ಎಂದು ಅವನಿಗೂ ಬೆಲ್‌ಗೂ ನಡೆದ ಜಗಳ ದೊಡ್ಡ ಕಥೆ, ಅದು ಇಲ್ಲಿ ಬೇಡ. ಮೇಷ್ಟ್ರ ಕಣ್ಣು ಅಷ್ಟು ಜನರ ಮೇಲೆ ಹೋಗಲಾರದ್ದರಿಂದ ಮಾನಿಟರುಗಳೇ ಅವನ ಕಣ್ಣಾದರು. ಅವರ ಬಳಿ ಚೀಟಿಗಳಿರುತ್ತಿದ್ದವು: ಈ ಹುಡುಗ ಸೋಮಾರಿಯಾಗಿ ಕೂತದ್ದನ್ನು ಕಂಡೆ, ಈ ಹುಡುಗ ಮಾತಾಡಿದ್ದನ್ನು ಕಂಡೆ ಎಂಬರ್ಥದವು. ಚೀಟಿ ಸಿಕ್ಕವನು ಅದನ್ನು ಹಿಡಿದು ತಾನೇ ಮೇಷ್ಟ್ರ ಮೇಜಿನ ಬಳಿ ಹೋಗಬೇಕು. ತಪ್ಪು ಮರುಕಳಿಸಿದರೆ ಕುತ್ತಿಗೆಗೆ ಮರದ ತುಂಡು, ತೂಕ ನಾಲ್ಕರಿಂದ ಆರು ಪೌಂಡು. ಲಂಕಾಸ್ಟರ್ ಕ್ವೇಕರ್ ಪಂಥದವನು, ಬೆತ್ತವನ್ನು ಒಪ್ಪದವನು. ಹೊಡೆಯುವ ಬದಲಿಗೆ ಈ ದಾರಿ. ಎರಡು ಶತಮಾನದ ಮೇಲೆ, ಸಾವಿರಾರು ಮೈಲಿ ಈಚೆ, ಸೀಮೆಸುಣ್ಣ ಹಿಡಿದು ನಾನು ಬರೆಯುತ್ತಿದ್ದದ್ದು ಆ ಚೀಟಿಯನ್ನೇ.

ಬೆಲ್‌ನ ಶಾಲೆಯಲ್ಲಿ ಇನ್ನೊಂದು ಸಂಗತಿಯಿತ್ತು. ತಪ್ಪುಗಳನ್ನು ಒಂದು ಕಪ್ಪು ಪುಸ್ತಕದಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ಹುಡುಗರದೇ ಪಂಚಾಯಿತಿಯ ಮುಂದೆ ಓದಿ ತೀರ್ಮಾನ ಮಾಡಿಸುತ್ತಿದ್ದರು. ಹುಡುಗರೇ ನ್ಯಾಯ ಹೇಳುವ ಈ ವಿಚಾರ ಸುಮಾರು ನೂರಿಪ್ಪತ್ತು ವರ್ಷದ ಮೇಲೆ ವಾರ್ಸಾದ ಒಂದು ಅನಾಥಾಲಯದಲ್ಲಿ ತೀರಾ ಬೇರೆ ರೂಪದಲ್ಲಿ ಕಾಣುತ್ತದೆ. ಅದು ಶಾಲೆಯಲ್ಲ, ಆದರೂ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ಮನೆ. ಮಕ್ಕಳ ವೈದ್ಯ ಯಾನುಷ್ ಕೊರ್ಚಾಕ್, ಸ್ಟೆಫಾನಿಯಾ ವಿಲ್ಚಿನ್ಸ್ಕಾ ಜೊತೆಗೂಡಿ 1912ರಿಂದ ಅಲ್ಲಿ ಯಹೂದಿ ಅನಾಥ ಮಕ್ಕಳನ್ನು ಸಾಕುತ್ತಿದ್ದರು.

ಅಲ್ಲೂ ಒಂದು ಹಲಗೆಯಿತ್ತು, ಎಲ್ಲರಿಗೂ ಕಾಣುವ ಕಡೆ. ದೂರು ಇದ್ದವರು ಅದರ ಮೇಲೆ ಮೊದಲು ತಮ್ಮ ಹೆಸರು ಬರೆಯಬೇಕು, ಆಮೇಲೆ ಯಾರ ಮೇಲೆ ದೂರೋ ಅವರ ಹೆಸರು. ಯಾವ ಹುಡುಗನ ಮೇಲೂ ಬರೆಯಬಹುದು, ಯಾವ ಶಿಕ್ಷಕರ ಮೇಲೂ ಬರೆಯಬಹುದು, ಬೇಕಾದರೆ ತನ್ನ ಮೇಲೆ ತಾನೇ ಬರೆಯಬಹುದು. ಆ ವಾರ ಯಾವ ಮೊಕದ್ದಮೆಯಲ್ಲೂ ಸಿಕ್ಕದ ಮಕ್ಕಳಲ್ಲಿ ಚೀಟಿ ಎತ್ತಿ ಐವರನ್ನು ನ್ಯಾಯಾಧೀಶರಾಗಿ ಆರಿಸುತ್ತಿದ್ದರು. ಕಾನೂನಿನ ಕಲಮುಗಳ ಸಂಖ್ಯೆ ಸಾವಿರದವರೆಗೆ ಹೋಗುತ್ತಿತ್ತು. ಮೊದಲ ತೊಂಬತ್ತೊಂಬತ್ತೂ ಕ್ಷಮಿಸುವ ಅಥವಾ ಪ್ರಕರಣ ಕೈಬಿಡುವ ಕಲಮುಗಳು, ಸಾವಿರನೆಯದಕ್ಕೆ ಮಾತ್ರ ಮನೆಯಿಂದ ಹೊರಗೆ. ಅರ್ಧ ವರ್ಷದಲ್ಲಿ ಕೊರ್ಚಾಕರ ಮೇಲೇ ಐದು ದೂರು ಬಂದವು. ಒಬ್ಬ ಹುಡುಗನಿಗೆ ಹೊಡೆದದ್ದಕ್ಕೆ ಒಂದು, ಒಬ್ಬ ಹುಡುಗಿಯನ್ನು ಕಳ್ಳತನದ ವಿಷಯದಲ್ಲಿ ಅನುಮಾನಿಸಿದ್ದಕ್ಕೆ ಒಂದು. ಈ ಮೊಕದ್ದಮೆಗಳೇ ತನ್ನನ್ನು ಸಂವಿಧಾನಕ್ಕೆ ಒಳಪಟ್ಟ ಶಿಕ್ಷಕನನ್ನಾಗಿ ಮಾಡಿದವು ಎಂಬರ್ಥದಲ್ಲಿ ಅವರು ಬರೆದುಕೊಂಡಿದ್ದಾರೆ. ಎಲ್ಲವೂ ಸರಾಗವಾಗಿ ನಡೆಯಿತೆಂದಲ್ಲ. ಮಕ್ಕಳು ನ್ಯಾಯಾಲಯವನ್ನು ಹಗುರಾಗಿ ಕಾಣತೊಡಗಿದಾಗ ಕೆಲವು ವಾರ ಅದನ್ನು ಮುಚ್ಚಿಯೂ ಇದ್ದರು.

1942ರ ಜುಲೈನಲ್ಲಿ, ನಾಜಿಗಳು ಗೋಡೆ ಕಟ್ಟಿ ಕೂಡಿಹಾಕಿದ್ದ ವಾರ್ಸಾ ಘೆಟ್ಟೊದೊಳಗೆ, ಈ ಮಕ್ಕಳು ಟಾಗೋರರ ‘ಡಾಕ್‌ಘರ್’ ನಾಟಕ ಆಡಿದರು. ಮನೆಯಿಂದ ಹೊರಗೆ ಹೋಗುವಂತಿಲ್ಲದ ಕಾಯಿಲೆಯ ಹುಡುಗನೊಬ್ಬ ಕಿಟಕಿಯಲ್ಲಿ ಕೂತು ದಾರಿಹೋಕರನ್ನು ಮಾತಾಡಿಸುವ ನಾಟಕ ಅದು. ಆಗಸ್ಟಿನಲ್ಲಿ ಕೊರ್ಚಾಕ್, ಸ್ಟೆಫಾನಿಯಾ ಮತ್ತು ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾಕ್ಕೆ ಸಾಗಿಸಿ ಕೊಂದರು.

ಮಕ್ಕಳ ಹಕ್ಕುಗಳಿಗೆ ಅಂತರರಾಷ್ಟ್ರೀಯ ಒಡಂಬಡಿಕೆಯೊಂದು ಬೇಕು ಎಂದು 1978ರಲ್ಲಿ ವಿಶ್ವಸಂಸ್ಥೆಯ ಮುಂದೆ ಪ್ರಸ್ತಾಪ ಇಟ್ಟದ್ದು ಇದೇ ಪೋಲೆಂಡ್. 1989ರಲ್ಲಿ ಅಂಗೀಕಾರವಾದ ಆ ಒಡಂಬಡಿಕೆಯ 12ನೇ ಕಲಮು, ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ವಯಸ್ಸಿಗೆ ತಕ್ಕ ತೂಕ ಕೊಡಬೇಕು ಎನ್ನುತ್ತದೆ. 1992ರಲ್ಲಿ ಭಾರತ ಇದಕ್ಕೆ ಸೇರಿತು. ಅದೇ ದಶಕದ ನಡುವಿನಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಊರುಗಳಲ್ಲಿ ‘ಮಕ್ಕಳ ಪಂಚಾಯತಿ’ಗಳು ಶುರುವಾದವು. ಹಿಂದೆ ಇದ್ದದ್ದು ದುಡಿಯುವ ಮಕ್ಕಳ ಸಂಘಟನೆಯಾದ ಭೀಮಸಂಘ. ಇಲ್ಲಿ ಗಮನಿಸಬೇಕಾದದ್ದು ಮತದಾರರ ಪಟ್ಟಿ. ಶಾಲೆಗೆ ಹೋಗುವವರಷ್ಟೇ ಅಲ್ಲ, ಶಾಲೆ ಬಿಟ್ಟು ದನ ಕಾಯುವ, ಮನೆಗೆಲಸ ಮಾಡುವ, ಹೋಟೆಲಿನಲ್ಲಿ ದುಡಿಯುವ ಮಕ್ಕಳೂ ಅದರಲ್ಲಿ ಇದ್ದರು. ಯಾವ ಕ್ಲಾಸ್ ಲೀಡರನ ಬೋರ್ಡಿನ ಮೇಲೂ ಹೆಸರು ಬಾರದ ಮಕ್ಕಳು ಅವರು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು.

ಶಾಲೆಯೊಳಗಿನ ಸಂಸತ್ತು ಮಾತ್ರ ಇನ್ನೂ ಮದರಾಸಿನ ಹುಡುಗನ ಮಗ್ಗುಲಲ್ಲೇ ಕೂತಿದೆ ಎಂದು ನನಗೆ ಅನ್ನಿಸುತ್ತದೆ. ಆಹಾರ ಮಂತ್ರಿ ಬಿಸಿಯೂಟದ ತಟ್ಟೆ ಎಣಿಸುತ್ತಾನೆ, ನೀರಾವರಿ ಮಂತ್ರಿ ಗಿಡಕ್ಕೆ ನೀರು ಹಾಕುತ್ತಾನೆ, ಆರೋಗ್ಯ ಮಂತ್ರಿ ಸೋಮವಾರ ಉಗುರು ನೋಡುತ್ತಾಳೆ. ಖಾತೆಗಳೆಲ್ಲ ಮೇಷ್ಟ್ರ ಕೆಲಸದ ಖಾತೆಗಳು. ಸಾರು ನೀರಾಗಿದೆ ಎಂದು ಹೇಳುವುದು ಯಾವ ಮಂತ್ರಿಯ ಖಾತೆಗೂ ಬರುವುದಿಲ್ಲ. ಇದನ್ನು ಆಡಿಕೊಂಡು ನಗುವುದು ಸುಲಭ. ಐದು ತರಗತಿಗೆ ಇಬ್ಬರೇ ಶಿಕ್ಷಕರಿದ್ದು, ಅವರಲ್ಲೊಬ್ಬರು ತರಬೇತಿಗೋ ಗಣತಿಗೋ ಹೋಗಿರುವಾಗ ಉಳಿದವರು ಇನ್ನೇನು ಮಾಡಬೇಕು? ಬೆಲ್‌ಗೂ ಕೈಗಳ ಕೊರತೆಯೇ ಇತ್ತು.

ಎರಡು ವರ್ಷದ ಹಿಂದೆ ನಾನೊಂದು ಮಕ್ಕಳ ಗ್ರಾಮಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಏಳನೇ ತರಗತಿಯ ಹುಡುಗನೊಬ್ಬ ಎದ್ದು ಕಾಗದ ನೋಡಿ ಓದಿದ: ಶಾಲೆಗೆ ಕಾಂಪೌಂಡು, ಆಟದ ಮೈದಾನ, ಗ್ರಂಥಾಲಯ. ಕಾಗದದ ಅಕ್ಷರ ದೊಡ್ಡವರದು. ಅಧ್ಯಕ್ಷರು ತಲೆಯಾಡಿಸಿದರು, ಚಪ್ಪಾಳೆ ಬಿತ್ತು. ಆಮೇಲೆ ನಾಲ್ಕನೆಯದೋ ಐದನೆಯದೋ ಓದುವ ಹುಡುಗಿಯೊಬ್ಬಳು ಕಾಗದವಿಲ್ಲದೆ ಎದ್ದಳು. ನಮ್ಮ ಶಾಲೆಯ ಹೆಣ್ಮಕ್ಕಳ ಶೌಚಾಲಯಕ್ಕೆ ಚಿಲಕ ಇಲ್ಲ, ಒಬ್ಬರು ಹೊರಗೆ ಬಾಗಿಲು ಹಿಡ್ಕೊಂಡು ನಿಂತ್ಕೋಬೇಕು ಎಂದಳು. ಅವಳ ಶಾಲೆಯ ಮೇಷ್ಟ್ರು ನೆಲ ನೋಡುತ್ತಿದ್ದರು. ಪಿಡಿಒ ಪೆನ್ನು ತೆಗೆದು, “ನಿನ್ನ ಹೆಸರೇನಮ್ಮ?” ಎಂದು ಕೇಳಿದರು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಮೇಷ್ಟ್ರ ಕಡೆ ಒಮ್ಮೆ ನೋಡಿದಳು.

“ಹೆಸರು ಬೇಡ ಸಾರ್. ಚಿಲಕ ಇಲ್ಲ ಅಂತ ಬರ್ಕೊಳಿ.”

ಅವರು ಬರೆದುಕೊಂಡರು. ಮುಂದಿನ ಪ್ರಶ್ನೆ ಬೆಳಗಿನ ಬಸ್ಸಿನದು.