ಹೊಸ ಸೈಟು, ಹಳೇ ವಿಳಾಸ

ಎಐಗೆ ನಾಲ್ಕು ಸಾಲು ಹೇಳಿದರೆ ಅರ್ಧ ಗಂಟೆಯಲ್ಲಿ ವೆಬ್‌ಸೈಟು ಸಿದ್ಧ, ಮರುವಿನ್ಯಾಸಕ್ಕೆ ತಿಂಗಳುಗಟ್ಟಲೆ ಸಮಯ ಕೇಳುವವರು ದುಡ್ಡು ಹೊಡೆಯುವವರು ಎಂಬ ಮಾತು ಈಚೆಗೆ ವ್ಯಾಪಾರಸ್ಥರ ನಡುವೆ ಚೆನ್ನಾಗಿ ಓಡುತ್ತಿದೆ. ಪುಟ ಕಟ್ಟುವ ಕೂಲಿ ಇಳಿದಿರುವುದು ನಿಜ. ಆದರೆ ಹೊಸ ರೂಪ ತೊಟ್ಟು ಗಿರಾಕಿ ಕಳೆದುಕೊಂಡ ಸೈಟುಗಳಲ್ಲಿ ಪುಟ ಕಟ್ಟಲು ಬಾರದೆ ಕೆಟ್ಟವು ತೀರಾ ಕಡಿಮೆ. ಹೆಚ್ಚಿನವು ಕೆಟ್ಟದ್ದು ಹಳೆಯದರಲ್ಲಿ ಏನೇನಿತ್ತು ಎಂದು ಎಣಿಸದೆ ಕೆಡವಿದ್ದರಿಂದ. ವೆಬ್ ವಿನ್ಯಾಸದ ಚರಿತ್ರೆಯನ್ನು ಬಣ್ಣ, ಬಟನ್, ಬ್ಯಾನರುಗಳ ಚರಿತ್ರೆಯಾಗಿ ಹೇಳುತ್ತ ಬಂದಿದ್ದೂ ಈ ಅಜ್ಞಾನಕ್ಕೆ ಒಂದು ಕಾರಣ.

ಮೊದಲ ದಶಕವನ್ನು ಬೇಗ ದಾಟಬಹುದು. 1991ರಲ್ಲಿ ಸರ್ನ್‌ನಲ್ಲಿ ಮೊದಲ ಸೈಟು ಬಂತು. ಟೇಬಲ್‌ಗಳಲ್ಲಿ ಪುಟ ಜೋಡಿಸುವ ಕಸರತ್ತು ನಡೆಯಿತು. 1996ರ ಕೊನೆಗೆ ಮ್ಯಾಕ್ರೋಮೀಡಿಯಾದ ಕೈಸೇರಿದ, ಚಲಿಸುವ ಚಿತ್ರಗಳ ತಂತ್ರಾಂಶ ಫ್ಲ್ಯಾಶ್, ಕಂಪನಿಗಳ ಮುಖಪುಟವನ್ನು ಆಕ್ರಮಿಸಿತು. ಬಳಕೆ ಸುಲಭತೆಯ ತಜ್ಞ ಜಾಕಬ್ ನೀಲ್ಸನ್ 2000ದಲ್ಲೇ ಫ್ಲ್ಯಾಶ್‌ನ ಬಹುಪಾಲು ಬಳಕೆ ಕೆಟ್ಟದ್ದೆಂದು ಬರೆದರು, ಯಾರೂ ಕಿವಿಗೊಡಲಿಲ್ಲ. ಇಡೀ ಸೈಟು ಒಂದೇ ವಿಳಾಸದೊಳಗೆ ಅಡಗಿ ಕೂರುತ್ತಿದ್ದುದರಿಂದ ಹುಡುಕಾಟದ ಯಂತ್ರಗಳಿಗೆ ಅಲ್ಲಿ ಓದಲು ಹೆಚ್ಚೇನೂ ಸಿಗುತ್ತಿರಲಿಲ್ಲ. 2020ರ ಕೊನೆಗೆ ಅಡೋಬಿ ಅದನ್ನು ನಿಲ್ಲಿಸುವ ಹೊತ್ತಿಗೆ ಅಳುವವರೂ ಉಳಿದಿರಲಿಲ್ಲ.

ನಿಜವಾದ ಅಡಿಪಾಯ ಬಿದ್ದದ್ದು 1998ರಲ್ಲಿ. ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬಾರದು ಎಂದು ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ಚಿಕ್ಕದೊಂದು ಟಿಪ್ಪಣಿ ಬರೆದರು. ಅದೇ ವರ್ಷ ಲೂಯಿಸ್ ರೋಸೆನ್‌ಫೆಲ್ಡ್ ಮತ್ತು ಪೀಟರ್ ಮೋರ್ವಿಲ್ ಅವರ ಮಾಹಿತಿ ವಾಸ್ತುವಿನ ಪುಸ್ತಕ ಬಂತು. ಎರಡರಲ್ಲೂ ಅಲಂಕಾರದ ಮಾತು ಕಡಿಮೆ, ಯಾವುದು ಎಲ್ಲಿರಬೇಕು, ಎಷ್ಟು ಕಾಲ ಇರಬೇಕು ಎಂಬ ಯೋಚನೆ ಹೆಚ್ಚು. ಎರಡು ವರ್ಷದ ಬಳಿಕ ತಂತ್ರಾಂಶದ ಬರಹಗಾರ ಜೋಯಲ್ ಸ್ಪಾಲ್ಸ್ಕಿ ನೆಟ್‌ಸ್ಕೇಪ್ ಬ್ರೌಸರಿನ ಉದಾಹರಣೆ ಹಿಡಿದು, ನಡೆಯುತ್ತಿರುವುದನ್ನು ಎಸೆದು ಮೊದಲಿನಿಂದ ಬರೆಯುವುದು ಎಂಥ ಅನಾಹುತ ಎಂದು ತೋರಿಸಿದರು. ನಾಲ್ಕನೆಯ ಆವೃತ್ತಿಯ ನಂತರ ನೆಟ್‌ಸ್ಕೇಪ್ ಹೊಸದಾಗಿ ಬರೆಯಲು ಕೂತಿತು. ಐದನೆಯದು ಬರಲೇ ಇಲ್ಲ. ಆರನೆಯದು 2000ದ ನವೆಂಬರಿನಲ್ಲಿ ಬರುವಷ್ಟರಲ್ಲಿ ಮೈಕ್ರೋಸಾಫ್ಟ್ ಬಳಕೆದಾರರನ್ನು ಸೆಳೆದುಕೊಂಡಾಗಿತ್ತು. ಸ್ಪಾಲ್ಸ್ಕಿ ಬರೆದದ್ದು ತಂತ್ರಾಂಶದ ಬಗ್ಗೆಯಾದರೂ ಸೈಟುಗಳಿಗೂ ಅದು ಅಕ್ಷರಶಃ ಸಲ್ಲುತ್ತದೆ.

ನಮ್ಮ ತಲೆಮಾರು ಕೆಲಸ ಕಲಿತದ್ದು ಇದರ ನಂತರದ ಐದಾರು ವರ್ಷಗಳಲ್ಲಿ. 2002ರಲ್ಲಿ ವೈರ್ಡ್ ನ್ಯೂಸ್ ತಾಣ ಟೇಬಲ್‌ಗಳನ್ನು ಬಿಟ್ಟು, ರೂಪವನ್ನು ವಿಷಯದಿಂದ ಬೇರೆಯಾಗಿ ಬರೆಯುವ ಸಿಎಸ್‌ಎಸ್‌ಗೆ ಬಂತು. ಮರುವರ್ಷ ಜೆಫ್ರಿ ಜೆಲ್ಡ್‌ಮನ್ ಅವರ ವೆಬ್ ಮಾನದಂಡಗಳ ಪುಸ್ತಕ, ಡೇವ್ ಶೇ ಅವರ ಸಿಎಸ್‌ಎಸ್ ಝೆನ್ ಗಾರ್ಡನ್ ಎರಡೂ ಬಂದವು. ಝೆನ್ ಗಾರ್ಡನ್‌ನಲ್ಲಿ ಪುಟದ ಒಡಲು ಒಂದೇ, ಹೊದಿಕೆ ಮಾತ್ರ ಹತ್ತಾರು. ರೂಪ ಬದಲಿಸಲು ವಿಷಯವನ್ನಾಗಲಿ ವಿಳಾಸವನ್ನಾಗಲಿ ಮುಟ್ಟಬೇಕಿಲ್ಲ ಎಂದು ಅದನ್ನು ನೋಡಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 2005ರಲ್ಲಿ ವಿನ್ಯಾಸಕ ಕ್ಯಾಮರಾನ್ ಮೋಲ್ ಒಂದು ಹೆಜ್ಜೆ ಮುಂದೆ ಹೋಗಿ, ಪೂರ್ತಿ ಬದಲಿಸುವ ಚಪಲಕ್ಕಿಂತ ಗುರಿಗೆ ತಕ್ಕಂತೆ ಸರಿಹೊಂದಿಸುವುದೇ ಮೇಲು ಎಂದು ಲೇಖನವೊಂದರಲ್ಲಿ ವಾದಿಸಿದರು. ಆ ಲೇಖನವನ್ನು ಹೊಗಳಿದವರು ಬಹಳ, ಪಾಲಿಸಿದವರು ಬೆರಳೆಣಿಕೆ. ಇಡೀ ಸೈಟು ಬದಲಿಸಿದರೆ ಬರುವಷ್ಟು ಬಿಲ್ಲು ಸರಿಹೊಂದಿಸಿದರೆ ಬರುವುದಿಲ್ಲವಲ್ಲ!

ಸರಿಹೊಂದಿಸುವ ಈ ಪಂಥದ ಕೆಲಸಕ್ರಮ ನೋಡಲು ಬೇಸರದ್ದು. ಮೊದಲು ಹಳೆಯ ವಿಳಾಸಗಳನ್ನೆಲ್ಲ ಪಟ್ಟಿ ಮಾಡಬೇಕು. ಮೆನುವಿನಲ್ಲಿ ಕಾಣುವವಷ್ಟೇ ಸಾಲದು; ಸರ್ವರ್ ಲಾಗ್, ಸೈಟ್‌ಮ್ಯಾಪ್, ಗೂಗಲ್ ಸರ್ಚ್ ಕನ್ಸೋಲ್, ಹೊರಗಿನವರು ಕೊಟ್ಟ ಕೊಂಡಿಗಳು ಎಲ್ಲವನ್ನೂ ಜಾಲಾಡಬೇಕು. ಪ್ರತಿಯೊಂದಕ್ಕೂ ಹೊಸ ಸೈಟಿನ ಸರಿಯಾದ ಪುಟ ಯಾವುದೆಂದು ಎದುರಿಗೆ ಬರೆದು, ಹಳೆಯ ವಿಳಾಸಕ್ಕೆ ಬಂದವರನ್ನು ಅಲ್ಲಿಗೆ ಕಳಿಸುವ 301 ರೀಡೈರೆಕ್ಟ್ ಹಾಕಬೇಕು. ಸೋಮಾರಿಗಳು ಎಲ್ಲ ಹಳೆಯ ಕೊಂಡಿಗಳನ್ನೂ ಮುಖಪುಟಕ್ಕೆ ತಳ್ಳಿ ಕೈತೊಳೆದುಕೊಳ್ಳುತ್ತಾರೆ. ಅಂಥವನ್ನು ಇಲ್ಲದ ಪುಟಗಳಂತೆಯೇ ಗೂಗಲ್ ಕಾಣಬಹುದು. ಪಂಪ್‌ಸೆಟ್ಟಿನ ಬೆಲೆ ಹುಡುಕಿ ಬಂದ ರೈತನಿಗೂ ಕಂಪನಿಯ ಅಧ್ಯಕ್ಷರ ಶುಭಾಶಯ ಕಂಡರೆ ಆಗುವ ಪ್ರಯೋಜನ ಅಷ್ಟರಲ್ಲೇ ಇದೆ. ಇನ್ನೊಂದು ನಿಯಮ: ಡೊಮೈನ್, ವೇದಿಕೆ, ಬರಹ, ರೂಪ ಈ ನಾಲ್ಕನ್ನೂ ಒಂದೇ ರಾತ್ರಿ ಬದಲಿಸಬಾರದು. ಬದಲಿಸಿದರೆ ಓಡಾಟ ಕುಸಿದಾಗ ಯಾವುದರಿಂದ ಕುಸಿಯಿತೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ದೀಪಾವಳಿ ವ್ಯಾಪಾರಕ್ಕೆ ಎರಡು ವಾರವಿರುವಾಗ ಹೊಸ ಸೈಟು ಬಿಡುವವರಿಗಂತೂ ಹೇಳುವುದೇನೂ ಇಲ್ಲ.

ಸೋಲುಗಳ ಕಡೆಗೆ ಬಂದರೆ, ಮರುವಿನ್ಯಾಸ ಒಂದು ಕಂಪನಿಯನ್ನು ಹೇಗೆ ಮುಳುಗಿಸಬಲ್ಲದು ಎಂಬುದಕ್ಕೆ 2010ರ ಆಗಸ್ಟಿನಲ್ಲಿ ಬಂದ, ಓದುಗರ ಮತದಿಂದ ಸುದ್ದಿ ಆರಿಸುತ್ತಿದ್ದ ಡಿಗ್ ತಾಣದ ನಾಲ್ಕನೆಯ ಆವೃತ್ತಿಯನ್ನು ಈಗಲೂ ತೋರಿಸುತ್ತಾರೆ. ಸುದ್ದಿಯನ್ನು ಕೆಳಕ್ಕೆ ತಳ್ಳುವ ಬಟನ್ ಮಾಯವಾಯಿತು, ದೊಡ್ಡ ಪ್ರಕಾಶಕರಿಗೆ ಸುದ್ದಿಯನ್ನು ತಾನಾಗಿ ತುಂಬುವ ದಾರಿ ತೆರೆಯಿತು. ಸಿಟ್ಟಿಗೆದ್ದ ಬಳಕೆದಾರರು ಡಿಗ್‌ನ ಮುಖಪುಟವನ್ನೇ ಪ್ರತಿಸ್ಪರ್ಧಿ ರೆಡ್ಡಿಟ್‌ನ ಕೊಂಡಿಗಳಿಂದ ತುಂಬಿದರು. ದತ್ತಾಂಶದ ವ್ಯವಸ್ಥೆಯನ್ನೂ ಅದೇ ಏಟಿಗೆ ಬದಲಿಸಿದ್ದರಿಂದ ಹಿಂದಕ್ಕೆ ಹೋಗುವುದು ಸುಲಭವಿರಲಿಲ್ಲ. 2012ರಲ್ಲಿ ಸೈಟು ಸುಮಾರು 5 ಲಕ್ಷ ಡಾಲರಿಗೆ ಮಾರಾಟವಾಯಿತೆಂದು ವರದಿಯಾಯಿತು.

ಬ್ರಿಟನ್ನಿನ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಕಥೆ ಬೇರೆ ಥರದ್ದು. ಅಮೆಜಾನ್‌ನ ವೇದಿಕೆಯಿಂದ ಹೊರಬಂದು 15 ಕೋಟಿ ಪೌಂಡ್ ಖರ್ಚಿನಲ್ಲಿ ಸ್ವಂತ ಸೈಟು ಕಟ್ಟಿ 2014ರ ಫೆಬ್ರವರಿಯಲ್ಲಿ ತೆರೆದರು. ನೋಡಲು ಪತ್ರಿಕೆಯಂತೆ ಸೊಗಸಾಗಿತ್ತು. ಆದರೆ ಹಳೆಯ ಗಿರಾಕಿಗಳೆಲ್ಲ ಮತ್ತೆ ನೋಂದಾಯಿಸಿಕೊಳ್ಳಬೇಕಾಯಿತು. ಜೂನ್ ಕೊನೆಗೆ ಮುಗಿದ ತ್ರೈಮಾಸಿಕದಲ್ಲಿ ಆನ್‌ಲೈನ್ ಮಾರಾಟ ಶೇ. 8.1ರಷ್ಟು ಇಳಿಯಿತು. ವರ್ಷಗಳಿಂದ ಕೊಳ್ಳುತ್ತಿದ್ದವರನ್ನು ಬಾಗಿಲಲ್ಲಿ ನಿಲ್ಲಿಸಿ ಹೆಸರು ಕೇಳಿದಂತಾಯಿತು. ಆ ಮಾರಾಟ ಮುಂದೆ ಚೇತರಿಸಿಕೊಂಡಿತು; ಅವರು ಹೆದರಿ ಮತ್ತೊಂದು ಸೈಟು ಕಟ್ಟದೆ ಇದ್ದದ್ದನ್ನೇ ತಿದ್ದುತ್ತ ಹೋದರು.

ನಮ್ಮ ಬೆಂಗಳೂರಿನ ಉದಾಹರಣೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಗಿರಾಕಿಗಳು ಹೇಗೂ ಫೋನಿನಿಂದಲೇ ಬರುತ್ತಾರೆಂದು 2015ರ ಮೇ ತಿಂಗಳಲ್ಲಿ ಬಟ್ಟೆ ಮಾರುವ ಮಿಂತ್ರಾ ತನ್ನ ವೆಬ್‌ಸೈಟನ್ನೇ ಮುಚ್ಚಿ ಆ್ಯಪ್ ಒಂದನ್ನೇ ಉಳಿಸಿಕೊಂಡಿತು. ಅದರ ಒಡೆಯ ಫ್ಲಿಪ್‌ಕಾರ್ಟ್ ಅದಕ್ಕೂ ಮುನ್ನವೇ ಮೊಬೈಲ್ ಸೈಟನ್ನು ಕೈಬಿಟ್ಟಿತ್ತು. ಅಂಕಿಅಂಶ ಸುಳ್ಳಾಗಿರಲಿಲ್ಲ, ಅದರಿಂದ ತೆಗೆದ ತೀರ್ಮಾನ ತಪ್ಪಾಗಿತ್ತು: ಸಣ್ಣ ಫೋನಿನಲ್ಲಿ ಇನ್ನೊಂದು ಆ್ಯಪಿಗೆ ಜಾಗವಿಲ್ಲದವರು, ಕಚೇರಿಯ ಕಂಪ್ಯೂಟರಿನಲ್ಲಿ ಬಟ್ಟೆ ನೋಡುವವರು ಆ ಲೆಕ್ಕದ ಅಂಚಿನಲ್ಲಿದ್ದರು. 2015ರ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹಗುರ ಮೊಬೈಲ್ ತಾಣ ಬಂತು. ಮಿಂತ್ರಾ 2016ರಲ್ಲಿ ಮೊದಲು ಮೊಬೈಲ್ ತಾಣವನ್ನು, ಜೂನ್‌ನಲ್ಲಿ ಡೆಸ್ಕ್‌ಟಾಪ್ ತಾಣವನ್ನೂ ಮರಳಿ ತಂದಿತು. ತಪ್ಪನ್ನು ಸುಮಾರು ಒಂದೇ ವರ್ಷದಲ್ಲಿ ಬಹಿರಂಗವಾಗಿ ತಿರುಗಿಸಿದ ಇಂಥ ಕಂಪನಿಗಳು ಎಷ್ಟಿವೆ?

ಈ ನಡುವೆ ಈಥನ್ ಮಾರ್ಕಾಟ್ 2010ರಲ್ಲಿ ಹೇಳಿಕೊಟ್ಟ, ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸ ರೂಢಿಗೆ ಬಂತು. 2015ರ ಏಪ್ರಿಲ್ 21ರಿಂದ ಮೊಬೈಲಿಗೆ ಒಗ್ಗುವ ಪುಟಗಳಿಗೆ ಆದ್ಯತೆ ಎಂದು ಗೂಗಲ್ ಸಾರಿದಾಗ ಗಾಬರಿಯ ಮರುವಿನ್ಯಾಸಗಳ ಸುಗ್ಗಿಯೇ ನಡೆಯಿತು. ನಂತರದ ಜಾವಾಸ್ಕ್ರಿಪ್ಟ್ ಚೌಕಟ್ಟುಗಳ ಬಗ್ಗೆ ಒಂದೇ ಮಾತು: ಸ್ಕ್ರಿಪ್ಟ್ ಓಡುವವರೆಗೆ ಖಾಲಿ ಪುಟ ತೋರಿಸುವ ಸೈಟು ಫ್ಲ್ಯಾಶ್‌ನ ಮೊಮ್ಮಗು.

ಕೆಟ್ಟ ಮೇಲೆ ಚೇತರಿಸಿಕೊಳ್ಳುವ ವಿದ್ಯೆಯ ಬಗ್ಗೆ ಬರಹ ಕಡಿಮೆ. ಅದರಲ್ಲಿ ಮೊದಲು ನೋಡಬೇಕಾದದ್ದು ಪರೀಕ್ಷೆಯ ಕಾಲದಲ್ಲಿ ಹಾಕಿದ್ದ ನೋಇಂಡೆಕ್ಸ್ ಸೂಚನೆ ಹಾಗೇ ಉಳಿದಿದೆಯೇ ಎಂಬುದನ್ನು. ಇಡೀ ಸೈಟನ್ನು ಗೂಗಲ್‌ನಿಂದ ಮರೆಮಾಡಲು ಆ ಒಂದು ಸಾಲು ಸಾಕು. ವಿಚಾರಣೆಯ ಫಾರಂ ತುಂಬಿ, ಅದರ ಮೇಲ್ ಯಾರ ಪೆಟ್ಟಿಗೆಗೆ ಬೀಳುತ್ತಿದೆಯೆಂದು ನೋಡಬೇಕು. ಆಮೇಲೆ ಪುಟ ಸಿಗಲಿಲ್ಲ ಎಂಬ 404 ದಾಖಲೆ. ಹಳೆಯ ವಿಳಾಸಗಳ ಪಟ್ಟಿ ಕಳೆದಿದ್ದರೂ ದಾರಿಯಿದೆ: ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ, ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪುಟಗಳೇ ಸಿಗಬಹುದು. ಚಂದಕ್ಕೆಂದು ಅಳಿಸಿದ ಉದ್ದನೆಯ ವಿವರಣೆಗಳನ್ನು ಮರಳಿ ಹಾಕಬೇಕು. ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಡಿ ಎನ್ನುತ್ತದೆ ಗೂಗಲ್. ತೆಗೆಯುವ ಅಗತ್ಯವಾದರೂ ಏನಿದೆ?

ಕನ್ನಡ ಪುಟಗಳ ವಿಷಯ ಈ ಚರ್ಚೆಗಳಲ್ಲಿ ಬರುವುದೇ ಇಲ್ಲ. ಯೂನಿಕೋಡ್‌ಗೆ ಮುಂಚೆ ತಮ್ಮದೇ ಫಾಂಟಿನಲ್ಲಿ ಹಾಕಿದ್ದ ಬರಹಗಳನ್ನು ಪರಿವರ್ತಿಸಲು ತೊಡಕೆಂದು ಮರುವಿನ್ಯಾಸದ ಹೊತ್ತಿನಲ್ಲಿ ಬಿಟ್ಟುಬಿಟ್ಟವರು ಅನೇಕರು. ಯೂನಿಕೋಡ್ ಬಂದ ಮೇಲೂ ಒಂದು ತೊಡಕು ಉಳಿದಿದೆ. ವಿಳಾಸದಲ್ಲಿ ಕನ್ನಡದ ಒಂದೊಂದು ಸಂಕೇತವೂ, ಅಂದರೆ ಅಕ್ಷರ, ಗುಣಿತ ಚಿಹ್ನೆ, ಅರ್ಧಾಕ್ಷರದ ಗುರುತು ಬಿಡಿಬಿಡಿಯಾಗಿ, ಒಂಬತ್ತು ಕ್ಯಾರೆಕ್ಟರುಗಳಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್ ವೇದಿಕೆಯು ವಿಳಾಸದಲ್ಲಿ ಶೀರ್ಷಿಕೆಯಿಂದ ಹುಟ್ಟುವ ಭಾಗಕ್ಕೆ ಕೊಟ್ಟಿರುವ ಜಾಗ 200 ಕ್ಯಾರೆಕ್ಟರು. ಹಾಗಾಗಿ ಇಪ್ಪತ್ತೆರಡು ಸಂಕೇತ ದಾಟಿದ ಶೀರ್ಷಿಕೆ ವಿಳಾಸದಲ್ಲಿ ನಡುವೆಯೇ ಕತ್ತರಿಸಿಹೋಗುತ್ತದೆ. ಬೇರೆ ವೇದಿಕೆಗೆ ಹೋದಾಗ ಶೀರ್ಷಿಕೆಯಿಂದ ಹೊಸ ವಿಳಾಸ ಹುಟ್ಟಿಸಿದರೆ ಹಳೆಯದಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ, ಸಲೀಸಾಗಿ ದಾಟಿಕೊಳ್ಳುವುದು ಇಂಗ್ಲಿಷ್ ಪುಟಗಳು ಮಾತ್ರ. ಕನ್ನಡದ್ದನ್ನು ಕನ್ನಡ ಓದಬಲ್ಲವರೊಬ್ಬರು ಕೂತು ಒಂದೊಂದಾಗಿ ಜೋಡಿಸಬೇಕು. ನಾನು ನೋಡಿರುವ ಕೊಟೇಶನ್‌ಗಳಲ್ಲಿ ಮುಖಪುಟದ ಸ್ಲೈಡರಿಗೆ ದರವಿದೆ, ಈ ಕೆಲಸಕ್ಕೆ ಸಾಲೇ ಇಲ್ಲ.